ಡ್ರಮ್ಮಿನಲ್ಲಿ ಮೈಕೊರೈಜಾ ಬೆಳೆಯುವುದಿಲ್ಲ

ಕಳೆದ ತಿಂಗಳು ಇಂಡಿ ಕಡೆಯ ಲಿಂಬಿ ತೋಟದ ಹಿರಿಯರೊಬ್ಬರು ವಿಜಯಪುರದ ನನ್ನ ಪ್ರಯೋಗಾಲಯಕ್ಕೆ ಬಂದಿದ್ದರು. ಕೈಯಲ್ಲಿ ಕಂದು ನೀರಿನ ಬಾಟಲಿ, ಅದರ ಮೇಲೆ ಬಿಳಿ ಕೆನೆ.

‘ಅಕ್ಕಾರ, ಒಂದು ಕಿಲೋ ಮೈಕೊರೈಜಾ ತಂದು 200 ಲೀಟರ್ ಡ್ರಮ್ಮಿಗೆ ಹಾಕೇನ್ರಿ. ಬೆಲ್ಲ, ಕಡ್ಲಿಹಿಟ್ಟು, ಹೆಂಡಿ, ಗೋಮೂತ್ರ ಎಲ್ಲಾ ಹಾಕಿ ಏಳು ದಿನ ತಿರುವೇನಿ. ನೋಡ್ರಿ, ಹೆಂಗ ಬೆಳದೈತಿ!’

ಅವರ ಮುಖದ ಹಿಗ್ಗು ನೋಡಿ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆದರೂ ಹೇಳಲೇಬೇಕಾಯಿತು. ಆ ಬಿಳಿ ಕೆನೆ ಬೆಲ್ಲ ತಿಂದು ಎದ್ದ ಬೇರೆ ಬೂಷ್ಟು. ಮೈಕೊರೈಜಾ, ಅಂದರೆ ಗಿಡದ ಬೇರಿನ ಜೊತೆ ಬದುಕುವ ಶಿಲೀಂಧ್ರ, ಹಾಕಿದಷ್ಟೇ ಇದೆ, ಒಂದು ಬೀಜಕವೂ ಹೆಚ್ಚಾಗಿಲ್ಲ. ಒಂದು ವಾರ ಕೊಳೆತ ನೀರಿನಲ್ಲಿದ್ದು ಕಡಿಮೆಯೂ ಆಗಿರಬಹುದು.

ಅಂಗಡಿಯಲ್ಲಿ ಪಿಎಸ್‌ಬಿ (ರಂಜಕ ಕರಗಿಸುವ ಬ್ಯಾಕ್ಟೀರಿಯಾ), ಅಜೋಸ್ಪಿರಿಲಂ, ಮೈಕೊರೈಜಾ ಮೂರನ್ನೂ ‘ಜೈವಿಕ ಗೊಬ್ಬರ’ ಎಂದು ಒಂದೇ ಸಾಲಿನಲ್ಲಿ ಇಟ್ಟಿರುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿಂದಲೇ. ಮೊದಲಿನ ಎರಡು ಬ್ಯಾಕ್ಟೀರಿಯಾ. ಬೆಲ್ಲ ಕೊಟ್ಟರೆ ಬೆಳೆಯುತ್ತವೆ. ಮೈಕೊರೈಜಾ ಶಿಲೀಂಧ್ರ, ಅದೂ ಜೀವಂತ ಬೇರಿನ ಒಳಗೆ ಹೊಕ್ಕರೆ ಮಾತ್ರ ಬದುಕುವಂಥದ್ದು. ಬೇರು ಅದಕ್ಕೆ ಸಕ್ಕರೆ ಕೊಡುತ್ತದೆ ಎಂಬುದು ಹಳೆಯ ತಿಳಿವಳಿಕೆ. ಹಾಗಾದರೆ ಬೆಲ್ಲ ಯಾಕೆ ಸಾಲದು? ಕೊಬ್ಬು ಬೇಕು. ತನಗೆ ಬೇಕಾದ ಕೊಬ್ಬನ್ನು ಮೊದಲಿನಿಂದ ಕಟ್ಟಿಕೊಳ್ಳುವ ಶಕ್ತಿ ಈ ಶಿಲೀಂಧ್ರಕ್ಕಿಲ್ಲ, ಗಿಡವೇ ಬೇರಿನ ಮೂಲಕ ಅದನ್ನೂ ಉಣಿಸುತ್ತದೆ ಎಂಬುದು 2017ರ ಸಂಶೋಧನೆಗಳಲ್ಲಿ ಸ್ಪಷ್ಟವಾಯಿತು. ಬೀಜಕಕ್ಕೆ ತೇವ ಸಿಕ್ಕರೆ ಮೊಳೆಯುತ್ತದೆ, ಸಣ್ಣ ಎಳೆ ಚಾಚುತ್ತದೆ, ಸುತ್ತ ಬೇರು ಸಿಗದಿದ್ದರೆ ಅಲ್ಲಿಗೇ ನಿಂತುಬಿಡುತ್ತದೆ. ಡ್ರಮ್ಮಿನಲ್ಲಿ ಬೇರೆಲ್ಲಿದೆ?

ಇಷ್ಟು ಹಟ ಹಿಡಿದು ಹೇಳುವುದಕ್ಕೆ ನಮ್ಮ ಮಣ್ಣೂ ಕಾರಣ. ಇಲ್ಲಿನ ಎರಿ (ಕಪ್ಪು) ಭೂಮಿಯಲ್ಲಿ ಸುಣ್ಣ ಜಾಸ್ತಿ, ರಸಸಾರ (ಪಿಎಚ್) ಎಷ್ಟೋ ಕಡೆ 8 ದಾಟಿರುತ್ತದೆ. ಡಿಎಪಿ ಗೊಬ್ಬರದಲ್ಲಿ ಶೇ 46 ರಂಜಕ (P2O5 ಲೆಕ್ಕದಲ್ಲಿ) ಇದೆ ಎಂದು ಚೀಲದ ಮೇಲೆ ಬರೆದಿದೆ, ನಿಜ. ಮಣ್ಣಿಗೆ ಬಿದ್ದ ಮೇಲೆ ಅದರಲ್ಲಿ ಬಹುಪಾಲು ಸುಣ್ಣದ ಜೊತೆ ಕಟ್ಟಿಕೊಂಡು ಕೂರುತ್ತದೆ. ಯೂರಿಯಾದ ಹಾಗೆ ನೀರಿನೊಂದಿಗೆ ಹರಿಯುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನ ರಂಜಕ ಹೀರಿ ಮುಗಿಸಿದರೆ ಮುಂದೆ ಬರಿ ಖಾಲಿ. ಮೈಕೊರೈಜಾದ ಎಳೆ ಬೇರುಗೂದಲಿಗಿಂತ ತೆಳ್ಳಗಿದ್ದು, ಆ ಖಾಲಿ ಜಾಗ ದಾಟಿ ಹಲವು ಸೆಂಟಿಮೀಟರ್ ಆಚೆಗೆ ಹೋಗಿ ರಂಜಕ ತರುತ್ತದೆ. ಲಿಂಬಿ ಜಾತಿಯ ಗಿಡಗಳಿಗೆ ಬೇರುಗೂದಲು ಕಡಿಮೆ, ಹಾಗಾಗಿ ಅವುಗಳಿಗೆ ಈ ನಂಟು ಇನ್ನೂ ಹೆಚ್ಚು ಬೇಕು. ಅಮೆರಿಕದಲ್ಲಿ ವಿಷಾನಿಲ ಹಾಯಿಸಿ ಶುದ್ಧ ಮಾಡಿದ ನರ್ಸರಿ ಮಣ್ಣಿನಲ್ಲಿ ಈ ಜಾತಿಯ ಸಸಿಗಳು ಗಿಡ್ಡವಾಗಿಯೇ ಉಳಿದವು. ರೋಗದ ಜೊತೆ ಮೈಕೊರೈಜಾವೂ ಸತ್ತಿದ್ದೇ ಕಾರಣವೆಂದು 1972ರಲ್ಲಿ ವಿಜ್ಞಾನಿಗಳು ತೋರಿಸಿದರು.

ಇನ್ನು ಬ್ಯಾಕ್ಟೀರಿಯಾ. ಕಟ್ಟಿಕೊಂಡ ರಂಜಕವನ್ನು ಬಿಡಿಸುವುದರಲ್ಲಿ ಮೈಕೊರೈಜಾ ಅಷ್ಟು ಗಟ್ಟಿಯಲ್ಲ. ಅದು ತನ್ನ ಎಳೆಗಳಿಂದ ಒಂದಿಷ್ಟು ಸಕ್ಕರೆ ಸೋರಿಸುತ್ತದೆ. ಆ ಸಕ್ಕರೆಗೆ ಬಂದ ಬ್ಯಾಕ್ಟೀರಿಯಾ ಎಳೆಗೆ ಅಂಟಿಕೊಂಡೇ ಬದುಕಿ, ಆಮ್ಲ ಮತ್ತು ಕಿಣ್ವ ಸುರಿಸಿ ರಂಜಕ ಸಡಿಲಿಸುತ್ತವೆ. ಎಳೆ ಅದನ್ನು ಹೀರಿ ಬೇರಿಗೆ ಮುಟ್ಟಿಸುತ್ತದೆ. ಸುಣ್ಣದ ಮಣ್ಣಿನಲ್ಲಿ ಪಿಎಸ್‌ಬಿ ಒಂದನ್ನೇ ಹಾಕಿದರೆ ಅದರ ಆಮ್ಲ ಸುಣ್ಣಕ್ಕೇ ಖರ್ಚಾಗಬಹುದು. ಎರಡೂ ಇದ್ದರೆ ಒಳ್ಳೆಯದು ಅನ್ನುತ್ತೇನೆ, ಎಲ್ಲ ಹೊಲದಲ್ಲೂ ಒಂದೇ ಫಲ ಎಂದು ಮಾತು ಕೊಡಲಾರೆ. ರಂಜಕ ಧಾರಾಳವಾಗಿ ಸುರಿದರೆ ಗಿಡವೇ ಶಿಲೀಂಧ್ರವನ್ನು ಕರೆಯುವುದು ಕಡಿಮೆ ಮಾಡುತ್ತದೆ. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಬುಡಕ್ಕೆ ಸುರಿದ ಬೆನ್ನಿಗೇ ಮೈಕೊರೈಜಾ ಹಾಕುವುದಂತೂ ದುಡ್ಡು ದಂಡ.

ಹಿರಿಯರು ಸಪ್ಪಗಾಗಿದ್ದರು. ‘ಕಾಕಾ, ಡ್ರಮ್ಮಿನ ನೀರು ಚೆಲ್ಲಬ್ಯಾಡ್ರಿ, ತ್ವಾಟಕ್ಕ ಬಿಡ್ರಿ, ಅದರಾಗ ಬ್ಯಾಕ್ಟೀರಿಯಾ ಅದಾವ’ ಅಂದೆ. ಮರುವಾರ ಅವರದೇ ಹೊಲದ ಜೋಳದ ಬೇರು ತರಿಸಿದೆ. ಕಾಸ್ಟಿಕ್ ಪೊಟ್ಯಾಷ್ ನೀರಿನಲ್ಲಿ ಕುದಿಸಿ, ತೊಳೆದು, ಬರೆಯುವ ಮಸಿ ಬೆರೆಸಿದ ವಿನೆಗರಿನಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕಾಕಾ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಬೇರಿನ ಕೋಶದೊಳಗೆ ಮೈಕೊರೈಜಾ, ಕೂದಲಿಗಿಂತ ಸಣ್ಣ ನೀಲಿ ಗಿಡದ ಹಾಗೆ, ಕೊಂಬೆ ಒಡೆದು ಒಡೆದು ನಿಂತಿತ್ತು.

‘ಇದು ನಮ್ಮ ಹೊಲದಾಗ ಮೊದಲಽ ಇತ್ತೇನ್ರಿ?’

ಇತ್ತು. ಹೆಚ್ಚಿಸುವ ದಾರಿಯೂ ಜೋಳವೇ. ಕುಂಡದಲ್ಲಿ ಉಸುಕು, ಮಣ್ಣು ಸೇರಿಸಿ, ಪೊಟ್ಟಣದ ಮೈಕೊರೈಜಾ ಹಾಕಿ ಜೋಳ ಬಿತ್ತಿ, ಸುಮಾರು ಮೂರು ತಿಂಗಳು ಡಿಎಪಿ ಇಲ್ಲದೆ ಬೆಳೆಸಿ. ಆಮೇಲೆ ನೀರು ಕೊಡುವುದನ್ನು ನಿಲ್ಲಿಸಿ, ಮೇಲಿನದು ಕತ್ತರಿಸಿ, ಬೇರನ್ನು ಚೂರು ಮಾಡಿ ಅದೇ ಮಣ್ಣಿಗೆ ಬೆರೆಸಿ. ಸಸಿ ನೆಡುವಾಗ ಒಂದು ಹಿಡಿ ಬೇರಿಗೆ ತಾಗುವಂತೆ ಗುಂಡಿಗೆ ಹಾಕಿದರಾಯಿತು. ನೆಮಟೋಡ್ (ಬೇರು ತಿನ್ನುವ ಸಣ್ಣ ಜಂತುಹುಳು) ಇರುವ ಹೊಲದ ಮಣ್ಣು ಮಾತ್ರ ಬೇಡ, ದಾಳಿಂಬೆಯವರು ಇದನ್ನು ಗಮನಿಸಬೇಕು.

ಎಳೆ ಲಿಂಬಿಯ ಸಾಲುಗಳ ನಡುವೆ ಹಿಂಗಾರಿಗೆ ಜೋಳ ಬಿತ್ತಬಹುದೇ ಎಂದು ಕಾಕಾ ಕೇಳಿದರು. ಬುಡದಿಂದ ದೂರ ಬಿತ್ತಿ, ಆದರೆ ನಮ್ಮ ಕಡೆ ಮಾಡುವ ಹಾಗೆ ಬೇರುಸಹಿತ ಕೀಳಬೇಡಿ, ಕೊಯ್ಯಿರಿ ಅಂದೆ.

‘ಕೊಯ್ದರ ಮೇವಿನ ಕಣಿಕಿ ಗಿಡ್ಡ ಆಗ್ತಾವಲ್ರಿ ಅಕ್ಕಾರ.’

‘ನಾಕು ಬೆರಳು ಆಗ್ತಾವ ಕಾಕಾ. ಅಷ್ಟು ಮಣ್ಣಾಗ ಬಿಡ್ರಿ.’