ಕುತ್ತಿಗೆ ಗ್ರಂಥಿಯ ವರದಿ ಓದುವಾಗ: ಸೆಂಟಿಮೀಟರು ಆಮೇಲೆ

ಬಾಯಿ ಕ್ಯಾನ್ಸರಿನ ಎನ್ ಹಂತ (ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ರೋಗ ಎಷ್ಟು ಹರಡಿದೆ ಎಂಬ ದರ್ಜೆ) ಹೇಳಿ ಎಂದರೆ ವೈದ್ಯರಾದ ನಮ್ಮಲ್ಲಿ ಹೆಚ್ಚಿನವರು ಶುರು ಮಾಡುವುದು ಗ್ರಂಥಿಯ ಗಾತ್ರ ಮೂರು ಸೆಂ.ಮೀ., ಆರು ಸೆಂ.ಮೀ. ಎಂದೇ. ವೈವಾ, ಅಂದರೆ ಮೌಖಿಕ ಪರೀಕ್ಷೆ, ಅಷ್ಟರಲ್ಲಿ ದಾಟಬಹುದು. ಆದರೆ ರೋಗಿಯ ಆಯುಸ್ಸಿನ ಲೆಕ್ಕಕ್ಕೆ ಕೂತಾಗ ಅಳತೆಗೆ ಅಷ್ಟು ತೂಕವಿಲ್ಲ. ಎಷ್ಟು ದುಗ್ಧಗ್ರಂಥಿಗಳಲ್ಲಿ ರೋಗವಿದೆ, ಅದು ಗ್ರಂಥಿಯ ಕವಚ ಸೀಳಿ ಹೊರಬಂದಿದೆಯೇ ಎಂಬುದನ್ನು ಮೊದಲು ನೋಡಬೇಕು.

ಒಂದು ಕಲ್ಪಿತ ವರದಿ ಇಟ್ಟುಕೊಳ್ಳೋಣ. ಚನ್ನಗಿರಿ ಕಡೆಯ ರೋಗಿ, ಅಡಿಕೆ-ತಂಬಾಕು ಅಗಿಯುವ ಅಭ್ಯಾಸ, ಎಡಗೆನ್ನೆಯ ಒಳಗೆ 2.5 ಸೆಂ.ಮೀ. ಗಡ್ಡೆ, ಆಳ 8 ಮಿ.ಮೀ. ಎಡಗುತ್ತಿಗೆಯಿಂದ ತೆಗೆದ ಗ್ರಂಥಿಗಳು 24. ರೋಗ ಇರುವುದು ಎರಡರಲ್ಲಿ. ದೊಡ್ಡದು ಬರೀ 1.8 ಸೆಂ.ಮೀ., ಆದರೆ ಅದರಲ್ಲಿ ರೋಗ ಕವಚ ದಾಟಿದೆ: ಎಕ್ಸ್‌ಟ್ರಾನೋಡಲ್ ಎಕ್ಸ್‌ಟೆನ್ಷನ್, ಅಂದರೆ ಇಎನ್‌ಇ, ಇದೆ. ಹಂತ ಯಾವುದು?

2018ರಿಂದ ಬಳಕೆಗೆ ಬಂದ ಎಜೆಸಿಸಿ (ಕ್ಯಾನ್ಸರ್ ಹಂತಗಳನ್ನು ನಿಗದಿ ಮಾಡುವ ಅಮೆರಿಕದ ಸಮಿತಿ) ಎಂಟನೇ ಆವೃತ್ತಿಯ ಪ್ರಕಾರ ಇದು ಪಿಎನ್3ಬಿ (ಪಿ ಎಂದರೆ ತೆಗೆದ ಗ್ರಂಥಿಯ ಪರೀಕ್ಷೆಯಿಂದ ತಿಳಿದದ್ದು), ಒಟ್ಟಾರೆ ಹಂತ 4ಬಿ. ಏಳನೇ ಆವೃತ್ತಿಯಲ್ಲಾಗಿದ್ದರೆ ಎನ್2ಬಿ, ಹಂತ 4ಎ. ಅದೇ ರೋಗಿಗೆ ಒಂದೇ ಗ್ರಂಥಿಯಲ್ಲಿ ರೋಗವಿದ್ದು, ಅದೂ 1.8 ಸೆಂ.ಮೀ., ಅದೇ ಬದಿ, ಇಎನ್‌ಇ ಇದೆ ಎಂದರೆ ಪಿಎನ್2ಎ. ಇಎನ್‌ಇ ಇಲ್ಲದಿದ್ದರೆ ಪಿಎನ್1. ಗಾತ್ರ ಒಂದಿಷ್ಟೂ ಬದಲಾಗಲಿಲ್ಲ, ಹಂತ ಮಾತ್ರ ಎಲ್ಲಿಂದೆಲ್ಲಿಗೋ ಹೋಯಿತು.

ಇಲ್ಲೊಂದು ಎಚ್ಚರ. ಹಳೆಯ ಪುಸ್ತಕಗಳಲ್ಲಿ 4ಬಿ ಎಂದರೆ ಶಸ್ತ್ರಚಿಕಿತ್ಸೆಗೆ ಒಗ್ಗದ ಸ್ಥಿತಿ ಎಂಬ ಅರ್ಥವೇ ಗಟ್ಟಿಯಾಗಿತ್ತು. ಈ ರೋಗಿಗೆ ಶಸ್ತ್ರಚಿಕಿತ್ಸೆ ಆಗಿಯೇ ಹೋಗಿದೆ. ತೆಗೆದ ಗಡ್ಡೆಯ ಅಂಚುಗಳಲ್ಲಿ ರೋಗವಿಲ್ಲದಿದ್ದರೆ ಗುಣಪಡಿಸುವ ಉದ್ದೇಶದಿಂದಲೇ ಮುಂದಿನ ಚಿಕಿತ್ಸೆ ನಡೆಯುತ್ತದೆ. ಸಂಬಂಧಿಕರು ಕಾರ್ಡಿನ ಮೇಲಿನ ಅಂಕಿ ನೋಡಿ "ಕೊನೇ ಸ್ಟೇಜಂತೆ, ಊರಿಗೆ ಕರ್ಕೊಂಡು ಹೋಗಿಬಿಡೋಣ" ಎನ್ನುವ ಮೊದಲು ಇದನ್ನು ಬಿಡಿಸಿ ಹೇಳುವ ಕೆಲಸ ನಮ್ಮದು.

ಇಎನ್‌ಇಗೆ ಯಾಕಿಷ್ಟು ತೂಕ? ಕವಚ ದಾಟಿದ ರೋಗ ಸುತ್ತಲಿನ ಕೊಬ್ಬು, ಸ್ನಾಯು, ರಕ್ತನಾಳಕ್ಕೆ ಇಳಿಯುತ್ತದೆ. ಕುತ್ತಿಗೆಯಲ್ಲೇ ಮರುಕಳಿಸುವುದೂ ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡುವುದೂ ಹೆಚ್ಚು. 2004ರಲ್ಲಿ ಯುರೋಪು, ಅಮೆರಿಕಗಳಿಂದ ಬಂದ ಎರಡು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರ ವಿಕಿರಣದ ಜೊತೆ ಕೀಮೋ ಔಷಧಿ ಸಿಸ್‌ಪ್ಲಾಟಿನ್ ಕೊಟ್ಟದ್ದರ ಲಾಭ ಸ್ಪಷ್ಟವಾಗಿ ಕಂಡದ್ದು ಇಬ್ಬಗೆಯವರಲ್ಲಿ: ಇಎನ್‌ಇ ಇದ್ದವರು, ಅಂಚಿನಲ್ಲಿ ರೋಗ ಉಳಿದವರು. ವರದಿಯಲ್ಲಿ ಹರಡುವಿಕೆ 2 ಮಿ.ಮೀ. ಒಳಗೋ ಹೊರಗೋ ಎಂದೂ ಬರೆದಿರುತ್ತಾರೆ. ಹಂತ ಅದರಿಂದ ಬದಲಾಗದಿದ್ದರೂ ಟಿಪ್ಪಣಿಗೆ ಇಳಿಸಿಕೊಳ್ಳಿ.

ಇನ್ನು ಸಂಖ್ಯೆ. ಒಂದೇ ಒಂದು ಗ್ರಂಥಿಗೆ ರೋಗ ತಗುಲಿದರೂ ಬದುಕುಳಿಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಹಳೆಯ ಪಾಠ. ಅಲ್ಲಿಂದ ಮುಂದೆ ಒಂದೊಂದು ಗ್ರಂಥಿ ಕೂಡಿದಂತೆ ಅಪಾಯವೂ ಏರುತ್ತದೆ. ನನಗೆ ಹಂತದ ಕೋಷ್ಟಕದ ಮೇಲೆ ತಕರಾರಿರುವುದು ಇಲ್ಲೇ: ಇಎನ್‌ಇ ಇಲ್ಲದೆ ಒಂದೇ ಬದಿಯಲ್ಲಿ ಎರಡು ಗ್ರಂಥಿ ಇದ್ದವನೂ ಎನ್2ಬಿ, ಒಂಬತ್ತು ಇದ್ದವನೂ ಎನ್2ಬಿ. ಇಬ್ಬರ ಮುಂದಿನ ದಾರಿ ಒಂದೇ ಅಲ್ಲ. ಆದ್ದರಿಂದ ಕೇಸ್ ಶೀಟಿನಲ್ಲಿ ಹಂತದ ಪಕ್ಕಕ್ಕೆ "2/24" ಎಂದು ಬರೆಯುವ ರೂಢಿ ಒಳ್ಳೆಯದು. ಕೆಳಗಿನ ಅಂಕಿಯೂ ಮುಖ್ಯ. ಎಂಟೇ ಗ್ರಂಥಿ ತೆಗೆದು ಎಂಟರಲ್ಲೂ ರೋಗವಿಲ್ಲ ಎಂದರೆ ಆ ಪಿಎನ್0 ಮೇಲೆ ಪೂರ್ತಿ ಭರವಸೆ ಇಡಲಾಗದು; ಕನಿಷ್ಠ 18 ಇರಲಿ ಎಂಬುದು ಈಗ ಒಪ್ಪಿಕೊಂಡ ಗುಣಮಟ್ಟ.

ಕೈಗೆ ಗಂಟು ಸಿಗದಿದ್ದರೆ ಕುತ್ತಿಗೆ ಬಿಡಬಹುದೇ? ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ 2015ರ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಆರಂಭಿಕ ಬಾಯಿ ಕ್ಯಾನ್ಸರಿನಲ್ಲಿ ಮೊದಲೇ ಕುತ್ತಿಗೆಯ ಗ್ರಂಥಿ ತೆಗೆದವರಲ್ಲಿ ಮೂರು ವರ್ಷದ ಬದುಕುಳಿಕೆ ಶೇ. 80, ಗಂಟು ಕಾಣಿಸಿಕೊಳ್ಳಲಿ ಎಂದು ಕಾದವರಲ್ಲಿ ಶೇ. 67.5. ಅದರಲ್ಲಿದ್ದವರು ಹೆಚ್ಚಾಗಿ ನಾಲಿಗೆಯ ರೋಗಿಗಳು. ದಾವಣಗೆರೆ-ಚಿತ್ರದುರ್ಗದ ಒಪಿಡಿಯಲ್ಲಿ ನಾವು ನೋಡುವ ಕೆನ್ನೆ-ಒಸಡಿನ ರೋಗಕ್ಕೆ ಅನ್ವಯಿಸುವಾಗ ಇದು ನೆನಪಿರಲಿ. ಕೈಯ ಪರೀಕ್ಷೆಯೂ ಎರಡೂ ಕಡೆ ಮೋಸ ಮಾಡುತ್ತದೆ. ಹುಳುಕು ಹಲ್ಲಿನ ಸೋಂಕಿಗೆ ದವಡೆ ಕೆಳಗಿನ (1ಬಿ ವಲಯದ) ಗ್ರಂಥಿ ಊದಿಕೊಂಡಿರಬಹುದು, ಕೈಗೆ ಸಿಗದ ಗ್ರಂಥಿಯೊಳಗೆ ರೋಗವಿರಬಹುದು. ಕುತ್ತಿಗೆ ಗಂಟೆಂದರೆ ಟಿಬಿ ಎಂದು ಮಾತ್ರೆ ಶುರು ಮಾಡುವ ಮುನ್ನ ಬಾಯಿ ತೆರೆಸಿ ನೋಡಿ, ಸೂಜಿಯಿಂದ ಕೋಶ ತೆಗೆದು ಪರೀಕ್ಷಿಸುವ ಎಫ್‌ಎನ್‌ಎಸಿ ಮಾಡಿಸಿ.

ಎಚ್‌ಪಿವಿಯಿಂದ (ಇದೊಂದು ವೈರಸ್) ಬರುವ ಗಂಟಲಿನ ಕ್ಯಾನ್ಸರಿಗೆ ಕೋಷ್ಟಕವೇ ಬೇರೆ. ಎಂಟನೇ ಆವೃತ್ತಿಯಲ್ಲಿ ಅಲ್ಲಿಗೆ ನಾಲ್ಕು ಗ್ರಂಥಿಯವರೆಗೆ ಪಿಎನ್1, ಐದು ಮತ್ತು ಮೇಲೆ ಪಿಎನ್2. ಇಎನ್‌ಇಗೆ ಆ ಆವೃತ್ತಿಯ ಹಂತದಲ್ಲಿ ಜಾಗವಿಲ್ಲ. ಬಾಯಿ ಕ್ಯಾನ್ಸರಿಗೆ ಅದನ್ನು ತಂದು ಅಂಟಿಸಬೇಡಿ.

ಕೊನೆಗೆ ದಿನಾಂಕ. ವಿಕಿರಣ ಬೇಕಾದವರಿಗೆ ಅದು ಶಸ್ತ್ರಚಿಕಿತ್ಸೆಯಾದ ಆರು ವಾರದೊಳಗೆ ಶುರುವಾಗಬೇಕು. ಅಡಿಕೆ ಕೊಯ್ಲು ಮುಗಿಸಿ ಬರ್ತೀನಿ ಎನ್ನುವವರಿಗೆ ಆರನೇ ವಾರದ ತಾರೀಖನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆದುಕೊಡಿ.