ಸಂಚಕಾರ, ಮರಣಶಾಸನ ಮತ್ತು ಬಾಡದ ಬಾಧ್ಯತೆ

ಬೆಂಗಳೂರಿನ ಕನ್ನಡ ಚರ್ಚೊಂದರಲ್ಲಿ ಭಾನುವಾರದ ಆರಾಧನೆ. ಎಫೆಸದವರಿಗೆ ಪೌಲನು ಬರೆದ ಪತ್ರದ ಮೊದಲ ಅಧ್ಯಾಯವನ್ನು ಓದುತ್ತಿದ್ದರು. ಪವಿತ್ರಾತ್ಮನು ನಮ್ಮ ಬಾಧ್ಯತೆಗೆ ಸಂಚಕಾರ ಎಂಬ ಮಾತು ಬಂದಾಗ ನನ್ನ ಪಕ್ಕದ ಹುಡುಗ ತಟ್ಟನೆ ತಲೆಯೆತ್ತಿ, "ಅಪ್ಪಾ, ಸಂಚಕಾರ ಕೆಟ್ಟದ್ದಲ್ಲವೇ?" ಎಂದು ಪಿಸುಗುಟ್ಟಿದ. ಅಪ್ಪ ಸುಮ್ಮನಿರಲು ಸನ್ನೆ ಮಾಡಿದರು. ಹುಡುಗನ ತಪ್ಪೇನಿಲ್ಲ. ಅವನು ಓದುವ ದಿನಪತ್ರಿಕೆಯಲ್ಲಿ ಸಂಚಕಾರ ಬರುವುದು ಪ್ರಾಣಕ್ಕೆ, ಇಲ್ಲವೇ ಮಂತ್ರಿಯ ಕುರ್ಚಿಗೆ.

ಹಳೆಯ ಕನ್ನಡಿಗರಿಗೆ ಸಂಚಕಾರವೆಂದರೆ ವ್ಯಾಪಾರ ಕುದುರಿದ ಗುರುತಿಗೆ ಕೊಡುವ ಮುಂಗಡ ಹಣ. ಇಂದು ನಿವೇಶನ ಕೊಳ್ಳುವವರು ಟೋಕನ್ ಅಡ್ವಾನ್ಸ್ ಎನ್ನುತ್ತಾರಲ್ಲ, ಅದೇ. ಗ್ರೀಕ್ ಮೂಲದಲ್ಲಿರುವ 'ಅರ್ರಬೋನ್' ಕೂಡ ಸಂತೆಯ ಪದ; ಸೆಮಿಟಿಕ್ ಭಾಷೆಯಾಡುತ್ತಿದ್ದ ವರ್ತಕರಿಂದ ಗ್ರೀಕರಿಗೆ ದಾಟಿದ್ದು. ಆದಿಕಾಂಡದಲ್ಲಿ ಯೆಹೂದನು ತಾಮಾರಳಿಗೆ ಮುದ್ರೆ, ದಾರ, ಕೋಲುಗಳನ್ನು ಒತ್ತೆ ಇಡುವ ಕಡೆ ಇದರ ಹೀಬ್ರೂ ರೂಪವೇ ಇದೆ. ಇನ್ನು 'ಬಾಧ್ಯತೆ', ಅಂದರೆ ವಾರಸಾಗಿ ಬರುವ ಆಸ್ತಿ, ನಮ್ಮ ಕ್ರಯಪತ್ರಗಳ 'ಹಕ್ಕುಬಾಧ್ಯತೆ'ಯ ನಂಟಿನದು. ಕ್ರಿಸ್ತನ ಮರಣದಿಂದ ವಿಶ್ವಾಸಿಗೆ ದೊರೆತದ್ದೇನು ಎಂದು ಹೇಳಲು ಹೊರಟವರು ನೋಂದಣಿ ಕಚೇರಿಯ ಮಾತುಗಳನ್ನೇ ಆರಿಸಿಕೊಂಡದ್ದು ಏಕೆ?

ಏಕೆಂದರೆ ಈ ಕತೆ ಹೊಲದಿಂದಲೇ ಶುರುವಾಗುತ್ತದೆ. ಅಬ್ರಹಾಮನಿಗೆ ಸಿಕ್ಕ ವಾಗ್ದಾನ ಒಂದು ನಾಡು. ಯೆಹೋಶುವನ ಕಾಲದಲ್ಲಿ ಚೀಟು ಹಾಕಿ ಕುಲಕುಲಕ್ಕೂ ಪಾಲು ಹಂಚಿದರು. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಅಪ್ಪನ ಪಾಲು ಕೇಳಿ ಪಡೆದರು. ಪಿತ್ರಾರ್ಜಿತವನ್ನು ಮಾರೆನೆಂದ ನಾಬೋತನನ್ನು ಅರಮನೆ ಕಲ್ಲೆಸೆದು ಕೊಲ್ಲಿಸಿತು. ಆದರೆ ದೇವರ ಸೇವೆಗೆ ಮೀಸಲಾದ ಲೇವಿಯರಿಗೆ ಮಾತ್ರ ಕುಲದ ಪಾಲಿನ ಭೂಮಿ ಇರಲಿಲ್ಲ. ದೇವರೇ ಅವರ ಪಾಲು. ಹದಿನಾರನೆಯ ಕೀರ್ತನೆಯ ಕವಿ ಇದೇ ಮಾತನ್ನು ತನಗೂ ಹಚ್ಚಿಕೊಂಡು, ಅಳತೆಯ ನೂಲು ತನಗೆ ರಮ್ಯವಾದ ಜಾಗದಲ್ಲಿ ಬಿದ್ದಿದೆ ಎಂದು ಹಿಗ್ಗುತ್ತಾನೆ. ಬಾಧ್ಯತೆ ಮಣ್ಣಿನಿಂದ ಮೇಲೆದ್ದದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ.

ಮರಣ ಇದರೊಳಗೆ ಬಂದದ್ದು ಹೇಗೆ? ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಯೆಹೂದ್ಯರು ತಮ್ಮ ಧರ್ಮಗ್ರಂಥವನ್ನು ಗ್ರೀಕಿಗೆ ತರತೊಡಗಿದಾಗ, ಒಡಂಬಡಿಕೆ ಎಂಬರ್ಥದ 'ಬೆರೀತ್'ಗೆ 'ದಿಯಾಥೇಕೆ' ಎಂಬ ಪದ ಬಳಸಿದರು. ಗ್ರೀಕರ ದಿನಬಳಕೆಯಲ್ಲಿ ಅದರ ಅರ್ಥ ಉಯಿಲು. ಇಬ್ಬರು ಸರಿಸಮವಾಗಿ ಕೂಡಿ ಮಾಡುವ ಕರಾರಿಗೆ ಬೇರೊಂದು ಪದ ಇದ್ದರೂ ಅದನ್ನು ಬಿಟ್ಟರು. ದೇವರೊಡನೆ ಚೌಕಾಸಿ ನಡೆಯದು ಎಂಬುದು ಅವರ ಎಣಿಕೆಯಾಗಿದ್ದೀತು. ಮುಂದೆ ಇಬ್ರಿಯರಿಗೆ ಪತ್ರ ಬರೆದವನು ಒಂಬತ್ತನೆಯ ಅಧ್ಯಾಯದಲ್ಲಿ ಈ ಎರಡರ್ಥವನ್ನು ಹಿಡಿದುಕೊಂಡ. ಉಯಿಲು ಜಾರಿಗೆ ಬರಲು ಬರೆದವನು ಸಾಯಬೇಕು. ಕ್ರಿಸ್ತನು ಸತ್ತದ್ದರಿಂದ ಕರೆಯಲ್ಪಟ್ಟವರಿಗೆ ನಿತ್ಯವಾದ ಬಾಧ್ಯತೆ ದೊರೆಯಿತು ಎಂಬುದು ಅವನ ವಾದ. ಆ ಸಾಲುಗಳಲ್ಲೂ ಪದದ ಅರ್ಥ ಒಡಂಬಡಿಕೆಯೇ, ಅಲ್ಲಿ ಹೇಳಿರುವ ಸಾವು ಸೀನಾಯಿ ಬೆಟ್ಟದ ಬುಡದಲ್ಲಿ ಮೋಶೆ ರಕ್ತ ಎರಚಿದ ಬಲಿಯಂಥದ್ದು ಎಂದು ವಾದಿಸುವ ಪಂಡಿತರೂ ಇದ್ದಾರೆ. ಲ್ಯಾಟಿನ್ ಅನುವಾದಕರು ಉಯಿಲಿನ ಅರ್ಥದ 'ಟೆಸ್ಟಮೆಂಟುಮ್' ಪದವನ್ನೇ ಗ್ರಂಥದ ಹೆಸರಿಗೂ ತಂದರು. ಕನ್ನಡದಲ್ಲಿ ರಕ್ಷಾಪುಟ 'ಹೊಸ ಒಡಂಬಡಿಕೆ' ಎನ್ನುತ್ತದೆ. ಉಯಿಲು ಒಳಪುಟದಲ್ಲಿ 'ಮರಣಶಾಸನ' ಎಂಬ ಹೆಸರಿನಲ್ಲಿ ಅವಿತಿದೆ.

ಶಾಸನವೆಂದಾಗ ಬೆಂಗಳೂರಿಗನಿಗೆ ಬೇಗೂರಿನ ಕಲ್ಲು ನೆನಪಾಗಬೇಕು. ಇಲ್ಲಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಗಂಗರ ಕಾಲದ ವೀರಗಲ್ಲಿನಲ್ಲಿ ಆನೆ, ಕುದುರೆ, ಕತ್ತಿ ಹಿರಿದ ಯೋಧರು ಒತ್ತೊತ್ತಾಗಿದ್ದಾರೆ. ಅರಸ ಎರೆಯಪ್ಪನ ಮಾತಿನಂತೆ ಕಾದಿ ನಾಗತ್ತರ ಸತ್ತ. ಆ ಬಳಿಕ ಅವನ ಪಟ್ಟವೂ ಬೇಗೂರಿನ ಸುತ್ತಲ ಹಳ್ಳಿಗಳೂ ಇರುಗನಿಗೆ ಸಂದವು. ಒಬ್ಬನ ಸಾವಿನಿಂದ ಇನ್ನೊಬ್ಬನಿಗೆ ಭೂಮಿ: ಈ ನೆಲಕ್ಕೆ ಹೊಸ ಮಾತಲ್ಲ. ಆದರೆ ಕಲ್ಲಿನಲ್ಲಿ ಸಾಯುವವನು ಆಳು, ಕೊಡುವವನು ಅರಸ. ಇಬ್ರಿಯರ ಪತ್ರದಲ್ಲಿ ಕೊಡುವವನೇ ಸಾಯುತ್ತಾನೆ. ಮತ್ತೊಂದು ತೊಡಕೂ ಇದೆ, ಯಾವ ವಕೀಲನೂ ಬಿಡಿಸಲಾರದ್ದು: ಬರೆದವನು ಮೂರನೆಯ ದಿನ ಎದ್ದು ಬಂದು ತನ್ನ ಉಯಿಲನ್ನು ತಾನೇ ನೆರವೇರಿಸುತ್ತಾನೆ.

ವಾರಸುದಾರರು ಯಾರು ಎಂಬ ಪ್ರಶ್ನೆಗೆ ಪೌಲನ ಉತ್ತರ ದತ್ತು. ದತ್ತುಮಗನಿಗೆ ಹಕ್ಕಿಲ್ಲವೆಂದರೆ ಏನಾಗುತ್ತದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1824ರಲ್ಲಿ ಕಿತ್ತೂರು ಹೊತ್ತಿ ಉರಿದದ್ದು ಅದಕ್ಕಾಗಿ. ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರನನ್ನು 1867ರಲ್ಲಿ ಬ್ರಿಟಿಷರು ಒಪ್ಪಿದ್ದರಿಂದಲೇ 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ರೋಮಿನಲ್ಲಿ ದತ್ತುಮಗ ಪೂರ್ತಿ ಮಗನೇ. ಸೀಸರನ ಉಯಿಲಿನಲ್ಲಿ ದತ್ತುಮಗನಾಗಿ ಹೆಸರು ಪಡೆದ ಆಕ್ಟೇವಿಯನ್ ಮುಂದೆ ಚಕ್ರವರ್ತಿಯಾದ. ರೋಮಿನ ವಿಶ್ವಾಸಿಗಳಿಗೆ ಪೌಲನು, ನೀವು ಕ್ರಿಸ್ತನೊಂದಿಗೆ ಬಾಧ್ಯರು ಎಂದು ಬರೆದಾಗ ಸಿಂಹಾಸನದಲ್ಲಿದ್ದ ನೀರೋ ಕೂಡ ದತ್ತುಮಗನೇ. ಆ ಪತ್ರವನ್ನು ಕೇಳಿಸಿಕೊಂಡವರಲ್ಲಿ ಗುಲಾಮರೂ ಇದ್ದಿರಬೇಕು; ಅವರ ಕಿವಿಗೆ ಈ ಮಾತು ಹೇಗೆ ಬಿದ್ದಿರಬಹುದು!

ಮಧ್ಯಯುಗದ ಕೊನೆಗೆ ಆಸ್ತಿಗೆ ಕಾವಲುಗಾರರು ಹುಟ್ಟಿಕೊಂಡರು. ಕ್ರಿಸ್ತನ ಮತ್ತು ಸಂತರ ಪುಣ್ಯ ಚರ್ಚಿನ ಬೊಕ್ಕಸದಲ್ಲಿದೆ, ಅದರಿಂದ ಪಾಪದಂಡನೆಗೆ ಮಾಫಿ ಹಂಚಬಹುದು ಎಂದು 1343ರಲ್ಲಿ ಆರನೆಯ ಕ್ಲೆಮೆಂಟ್ ಪೋಪ್ ಸಾರಿದರು. ಮುಂದೆ ಮಾಫಿಪತ್ರ ಹಣಕ್ಕೆ ಸಿಗತೊಡಗಿತು. 1520ರಲ್ಲಿ ಮಾರ್ಟಿನ್ ಲೂಥರ್ ಮತ್ತೆ ಉಯಿಲನ್ನೇ ಬಿಚ್ಚಿಟ್ಟರು. ಬರೆದವನು ಕ್ರಿಸ್ತ, ಆಸ್ತಿ ಪಾಪಕ್ಷಮೆ, ವಾರಸುದಾರರು ನಂಬಿದವರು, ಮುದ್ರೆ ರೊಟ್ಟಿ ಮತ್ತು ದ್ರಾಕ್ಷಾರಸ. ವಾರಸುದಾರ ಕೈಚಾಚಬೇಕೇ ಹೊರತು ಕೂಲಿ ಕೇಳುವಂತಿಲ್ಲ ಎಂಬುದು ಅವರ ವಾದದ ತಿರುಳು. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಕೃಪೆಯೇ ಮೊದಲು ಎಂದು ಒಪ್ಪಿದರೂ, ಕೃಪೆಯಿಂದ ಮಾಡಿದ ಸತ್ಕಾರ್ಯಕ್ಕೂ ಫಲವಿದೆ ಎಂದಿತು. ಕ್ಯಾಥೊಲಿಕರೂ ಲೂಥರನ್ನರೂ ಈ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಲು 1999ರ ಅಕ್ಟೋಬರ್ 31 ಬರಬೇಕಾಯಿತು.

ಈಗಿನ ಜಗಳ ಬೇರೆ. ಶಿಲುಬೆಯಲ್ಲಿ ಆರೋಗ್ಯವೂ ಐಶ್ವರ್ಯವೂ ನಿಮ್ಮ ಹೆಸರಿಗೆ ಖಾತೆಯಾಗಿವೆ, ಕೇಳಿ ಪಡೆಯಿರಿ ಎನ್ನುವ ಬೋಧನೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆದು ನಮ್ಮ ನಗರದ ವೇದಿಕೆಗಳನ್ನೂ ಏರಿದೆ. ಹಸಿದವನಿಗೆ, ಕಾಯಿಲೆಯವನಿಗೆ ಆ ಮಾತಿನ ಸೆಳೆತ ಅರ್ಥವಾಗುವಂಥದ್ದೇ; ಅದನ್ನು ಹಗುರವಾಗಿ ಹಂಗಿಸಲು ನನಗೆ ಮನಸ್ಸಿಲ್ಲ. ಆದರೆ ಎಫೆಸದ ಪತ್ರದಲ್ಲಿರುವುದು ಸಂಚಕಾರ. ಮುಂಗಡ ಕೈಗೆ ಬಂದಿದೆ, ವ್ಯವಹಾರ ಮುರಿಯುವಂತಿಲ್ಲ, ಸ್ವಾಧೀನ ಇನ್ನೂ ಮುಂದಿದೆ. ಟೋಕನ್ ಕೊಟ್ಟ ದಿನವೇ ಗೃಹಪ್ರವೇಶದ ಕರೆಯೋಲೆ ಹಂಚಿದರೆ ಬೆಂಗಳೂರಿನಲ್ಲಿ ಯಾರೂ ನಂಬುವುದಿಲ್ಲ.

ಪೇತ್ರನ ಮೊದಲನೆಯ ಪತ್ರವೂ ಇದೇ ಬಾಧ್ಯತೆಯ ಮಾತಾಡುತ್ತದೆ: ಕೆಡದ್ದು, ಕಳಂಕವಿಲ್ಲದ್ದು, ಬಾಡದ್ದು, ಪರಲೋಕದಲ್ಲಿ ಕಾದಿರಿಸಿದ್ದು. ಆ ಪತ್ರ ಯಾರ ವಿಳಾಸಕ್ಕೆ ಹೋಯಿತೆಂದು ನೋಡಿದರೆ, ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯಗಳಲ್ಲಿ ಚದರಿಹೋಗಿ ಪರದೇಶಿಗಳಾಗಿ ಬಾಳುತ್ತಿದ್ದವರು.