ಅಡಿಕೆ ರೇಟು ಬಾರದ ಆ್ಯಪ್

2021ರ ಜನವರಿ. ವಾಟ್ಸಾಪ್ ತನ್ನ ಖಾಸಗಿತನದ ನಿಯಮ ಬದಲಿಸುತ್ತದಂತೆ ಎಂಬ ಸುದ್ದಿ ತೀರ್ಥಹಳ್ಳಿಯ ನನ್ನ ಅಂಗಡಿಗೂ ಬಂತು. ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ನನ್ನದು. ಪರಿಚಯದ ಅಡಿಕೆ ಬೆಳೆಗಾರರೊಬ್ಬರು ಬಂದು ಕೂತರು. 'ನಮ್ಮದೇ ಒಂದು ಮಾಡ್ಕೊಳ್ಳಕ್ಕೆ ಆಗಲ್ವಾ ಮಾರಾಯ್ರೇ? ನಮ್ಮ ಮಾತು ಯಾವನ ಹತ್ರಾನೋ ಯಾಕಿರ್ಬೇಕು?'

ಆಗುತ್ತದೆ. ಮಾಡಿಯೂ ಕೊಟ್ಟೆ. ಅವರ ಮನೆಯ ಹಳೇ ಕಂಪ್ಯೂಟರಿಗೆ ಮೆಸೇಜು ಪಡೆದು ತಲುಪಿಸುವ ಪ್ರೊಸೋಡಿ ಎಂಬ ಉಚಿತ ಸರ್ವರ್ ಹಾಕಿದೆ, ಫೋನುಗಳಿಗೆ ಕಾನ್ವರ್ಸೇಷನ್ಸ್ ಎಂಬ ಆ್ಯಪ್. ಇವು ಬಳಸುವುದು ಎಕ್ಸ್‌ಎಂಪಿಪಿ ಎಂಬ ಪದ್ಧತಿ. 1999ರಲ್ಲಿ ಜಾಬರ್ ಎಂಬ ಹೆಸರಿನಲ್ಲಿ ಶುರುವಾದದ್ದು. ಇಮೇಲ್ ಇದ್ದ ಹಾಗೆ ಅಂದುಕೊಳ್ಳಿ. ಯಾರು ಬೇಕಾದರೂ ಸರ್ವರ್ ಇಡಬಹುದು, ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು. ಇಡೀ ಜಾಲಕ್ಕೆ ಮಾಲೀಕ ಅಂತ ಯಾರೂ ಇಲ್ಲ.

ತೊಡಕು ಮೊದಲ ದಿನವೇ ಬಂತು. 'ನನ್ನ ನಂಬರ್ ಹಾಕಿದ್ರೆ ಸಾಕಲ್ವಾ?' ಸಾಲದು. ಇಮೇಲ್ ಥರದ ವಿಳಾಸ ಬೇಕು, ಪಾಸ್‌ವರ್ಡ್ ಬೇಕು, ಎದುರಿನವರ ವಿಳಾಸವನ್ನೂ ಕೇಳಿ ಬರೆದುಕೊಳ್ಳಬೇಕು. ವಾಟ್ಸಾಪ್‌ನಲ್ಲಿ ಈ ರಗಳೆ ಇಲ್ಲ. ಅದು ನಿಮ್ಮ ಫೋನಿನಲ್ಲಿರುವ ನಂಬರುಗಳನ್ನು ತನ್ನ ಪಟ್ಟಿಯ ಜೊತೆ ಹೋಲಿಸಿ, ಯಾರ್‍ಯಾರು ಇದ್ದಾರೆ ಎಂದು ತಾನೇ ತೋರಿಸುತ್ತದೆ. ಎಲ್ಲರ ಪಟ್ಟಿ ಒಂದೇ ಕಂಪನಿಯ ಕೈಯಲ್ಲಿ ಇರುವುದರಿಂದ ಇದು ಸಲೀಸು. ನಮ್ಮ ಸರ್ವರಿಗೆ ಗೊತ್ತಿರುವುದು ನಮ್ಮವರು ಮಾತ್ರ. ಎಲ್ಲರ ಪಟ್ಟಿ ಇಡಬೇಕೆಂದರೆ ಅದನ್ನು ನೋಡಿಕೊಳ್ಳಲು ಒಬ್ಬ ಬೇಕು, ಆಗ ಮತ್ತೆ ಅವನೇ ಮಾಲೀಕ!

ಆಮೇಲೆ ಬಂದದ್ದು ಮಳೆಗಾಲ. ಮಲೆನಾಡಿನ ಮಳೆ ಗೊತ್ತಲ್ಲ, ಮೂರು ದಿನ ಕರೆಂಟಿಲ್ಲ, ಸಿಡಿಲಿಗೆ ಮೋಡೆಮ್ ಸುಟ್ಟಿತು. ಸರ್ವರ್ ನಿಂತಿತು, ಫೋನ್ ಮಾತ್ರ ನನಗೆ ಬರುತ್ತಲೇ ಇತ್ತು. ಕರೆಂಟ್ ಇದ್ದ ದಿನವೂ ಕೆಲವರಿಗೆ ಆ್ಯಪ್ ತೆರೆದಾಗ ಮಾತ್ರ ಮೆಸೇಜ್. ಬ್ಯಾಟರಿ ಉಳಿಸಲಿಕ್ಕೆ ಫೋನೇ ಆ್ಯಪನ್ನು ಹಿನ್ನೆಲೆಯಲ್ಲಿ ಮಲಗಿಸಿಬಿಡುತ್ತಿತ್ತು. ಒಬ್ಬರ ಫೋನ್ ತೋಟದ ಬಸಿಗಾಲುವೆಗೆ ಬಿತ್ತು. ಹೊಸ ಫೋನಿಗೆ ಆ್ಯಪ್ ಹಾಕಿಕೊಟ್ಟೆ, ಹಳೇ ಮೆಸೇಜು ಒಂದೂ ತೆರೆಯಲಿಲ್ಲ. ಮೆಸೇಜುಗಳಿಗೆ ಹಾಕಿದ ಬೀಗದ ಕೀ ಇದ್ದದ್ದು ಹಳೇ ಫೋನಿನಲ್ಲಿ, ಬ್ಯಾಕಪ್ ತೆಗೆದಿರಲಿಲ್ಲ. 'ಹಂಗಾದ್ರೆ ಮಗಳ ಸೀಮಂತದ ಫೋಟೋ?' ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವೆಲ್ಲ ಸರಿ ಮಾಡಬಹುದಾದವು ಅನ್ನಿ. ಸರಿ ಮಾಡಲಾಗದ್ದು ಬೇರೆ. ಮಂಡಿಯ ರೇಟು ಬರುವುದು ವಾಟ್ಸಾಪಿಗೆ. ಅಡಿಕೆಯ ತರಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಬೆಳೆಗಾರರಿಗೆ ದಿನಾ ಬೇಕಾದದ್ದು ಅದು. ಮಕ್ಕಳ ಶಾಲೆಯ ಸೂಚನೆ, ಮದುವೆ ಕಾಗದ, ಗೊಬ್ಬರದ ಅಂಗಡಿಯ ಬಿಲ್ಲು ಎಲ್ಲವೂ ಅಲ್ಲೇ. ನಾನು ಮೂವತ್ತು ಜನರನ್ನು ಎಳೆದು ತರಬಹುದು, ಮಂಡಿಯನ್ನು ತರಲಾಗುತ್ತದೆಯೇ? ಹೊಸ ಆ್ಯಪ್ ಹಾಕಿಕೊಂಡವರು ಹಳೆಯದನ್ನು ತೆಗೆಯಲಿಲ್ಲ. ಎರಡು ಕಡೆ ನೋಡುವುದು ಯಾರಿಗೆ ಬೇಕು?

ದೊಡ್ಡವರು ಬಂದರೆ ಸರಿಹೋಗುತ್ತದೆ ಎಂದು ಒಂದು ಕಾಲದಲ್ಲಿ ನಾನೂ ನಂಬಿದ್ದೆ. ಗೂಗಲ್ ಟಾಕ್ ಎಂಬ ಚಾಟ್ 2005ರಲ್ಲಿ ಬಂದಾಗ ಎಕ್ಸ್‌ಎಂಪಿಪಿಯನ್ನೇ ಬಳಸಿತ್ತು. ಮರುವರ್ಷ ಹೊರಗಿನ ಸರ್ವರುಗಳಿಗೂ ಬಾಗಿಲು ತೆರೆಯಿತು. 2013ರಲ್ಲಿ ಗೂಗಲ್ ಹ್ಯಾಂಗ್‌ಔಟ್ಸ್ ಎಂಬ ಹೊಸ ಚಾಟ್ ತಂದು ಅದೇ ಬಾಗಿಲು ಹಾಕಲು ಶುರು ಮಾಡಿತು. ನಮ್ಮ ಕಡೆಯ ಸ್ನೇಹಿತರೆಲ್ಲ ಜೀಮೇಲಿನಲ್ಲಿ ಇದ್ದವರು, ಒಬ್ಬೊಬ್ಬರಾಗಿ ಕಾಣೆಯಾದರು. ತಮಾಷೆ ಏನೆಂದರೆ ವಾಟ್ಸಾಪ್ ಹುಟ್ಟಿದ್ದೂ ಇದೇ ಎಕ್ಸ್‌ಎಂಪಿಪಿಯನ್ನು ತಿದ್ದಿ ಬಳಸಿ. ಬಾಗಿಲು ಮಾತ್ರ ಇಡಲೇ ಇಲ್ಲ.

2014ರಲ್ಲಿ ಬಂದ ಮ್ಯಾಟ್ರಿಕ್ಸ್ ಇನ್ನೊಂದು ತೆರೆದ ಪದ್ಧತಿ. ಫ್ರಾನ್ಸ್ ಸರ್ಕಾರ 2019ರಲ್ಲಿ ಅದರ ಮೇಲೆ ಟ್ಚಾಪ್ ಎಂಬ ಆ್ಯಪ್ ಕಟ್ಟಿ ತನ್ನ ನೌಕರರಿಗೆ ಕೊಟ್ಟಿತು. ಜರ್ಮನಿಯ ಸೈನ್ಯದ್ದೂ ಅಂಥದ್ದೇ ಇದೆ. ಅಲ್ಲಿ ಸರ್ವರ್ ಕಾಯುವುದಕ್ಕೆ ಸಂಬಳದ ಜನ ಇದ್ದಾರೆ, ಬಳಸಿ ಎಂದು ಹೇಳುವ ಸಾಹೇಬರಿದ್ದಾರೆ. ನನ್ನ ಅನುಭವದಲ್ಲಿ ಇವೆರಡೂ ಇಲ್ಲದ ಕಡೆ ಇದು ಉಳಿಯುವುದು ಕಷ್ಟ. ಯುರೋಪಿನಲ್ಲಿ 2024ರ ಮಾರ್ಚಿನಿಂದ ಇನ್ನೊಂದು ದಾರಿಯಿದೆ. ಬೇರೆ ಆ್ಯಪಿನವರು ಕೇಳಿದರೆ ವಾಟ್ಸಾಪ್ ತನ್ನ ಬಾಗಿಲು ತೆರೆಯಬೇಕು, ಕಾನೂನೇ ಹಾಗಿದೆ. ನಮ್ಮಲ್ಲಿ ಅದಿಲ್ಲ.

ಆ ಸರ್ವರಿನಲ್ಲಿ ಈಗ ಐದು ಜನ. ಬೆಳೆಗಾರರು, ಅವರ ಹೆಂಡತಿ, ಬೆಂಗಳೂರಿನಲ್ಲಿರುವ ಮಗ ಸೊಸೆ, ಮತ್ತೆ ನಾನು. ಮನೆ ಲೆಕ್ಕ, ಬ್ಯಾಂಕಿನ ಕಾಗದ, ಪಹಣಿಯ ಫೋಟೋ ಅಲ್ಲೇ ಕಳಿಸಿಕೊಳ್ಳುತ್ತಾರೆ. ಅಷ್ಟಕ್ಕೆ ಚೆನ್ನಾಗಿದೆ. ಬೇಕೆನ್ನುವವರಿಗೆ ಈಗಲೂ ಹಾಕಿಕೊಡುತ್ತೇನೆ. ಯುಪಿಎಸ್ ಬ್ಯಾಟರಿ ಮಾತ್ರ ನೀವೇ ತರಬೇಕು.